ನಿಲ್ಲದ ಇಂಜಿನ್

ಮಂಕಿಯಲ್ಲಿ ಹೆದ್ದಾರಿ ಬದಿಗೆ ನನ್ನ ಗ್ಯಾರೇಜ್ ಇದೆ. ಕಾಸರಕೋಡದ ತೀರದಲ್ಲಿ ಪ್ರವಾಸಿಗರನ್ನು ನಾಲ್ಕು ಚಕ್ರದ ಬೈಕಿನಂಥ ಎಟಿವಿ ಮೇಲೆ ಸುತ್ತಿಸುವ ಜಗದೀಶಣ್ಣ ಕಳೆದ ಬೇಸಿಗೆಯಲ್ಲಿ ತನ್ನ ಹಳೆಯ ಟೂ-ಸ್ಟ್ರೋಕ್ ಗಾಡಿಯನ್ನು ನನ್ನಲ್ಲಿಗೆ ತಂದ. ಸಡಿಲು ಮರಳಿನಲ್ಲಿ ಅದು ಪದೇ ಪದೇ ಕೈಕೊಡುತ್ತಿತ್ತು.

“ಪವರ್ ಹೆಚ್ಚು ಮಾಡು. ಆದ್ರೆ ನಡುವೆ ಎಲ್ಲೂ ನಿಲ್ಬಾರ್ದು ಮಾರಾಯ, ಸಣ್ಣ ಮಕ್ಕಳು ಕೂರೂ ಗಾಡಿ” ಎಂದ.

ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿದೆ, ಕಾರ್ಬುರೇಟರ್ ಬದಲಿಸಿದೆ. ಎಂಟನೆಯ ದಿನ ಮಧ್ಯಾಹ್ನ ಅವನೆದುರೇ ಕಿಕ್ ಹೊಡೆದೆ. ಒಂದೇ ಏಟಿಗೆ ಚಾಲೂ ಆಯಿತು. ಇಪ್ಪತ್ತು ನಿಮಿಷ ಓಡಿಸಿ ಕೀಲಿ ತಿರುಗಿಸಿದೆ. ಇಂಜಿನ್ ನಿಲ್ಲಲಿಲ್ಲ. ಕಿಡಿ ಕೊಡುವ ಪ್ಲಗ್ಗಿನ ವಯರ್ ಕಿತ್ತೆ, ಪೆಟ್ರೋಲ್ ಬಂದ್ ಮಾಡಿದೆ. ಸದ್ದು ಏರುತ್ತಲೇ ಹೋಯಿತು.

ಕಾದ ಇಂಜಿನ್ ಹಾಗೆ ಸ್ವಲ್ಪ ಹೊತ್ತು ಓಡುವುದುಂಟು. ಗಾಳಿ ತಡೆದರೆ ನಿಲ್ಲುತ್ತದೆಂದು ಕಾರ್ಬುರೇಟರಿನ ಬಾಯಿಗೆ ಅಂಗೈ ಒತ್ತಿದೆ. ಅದು ಗಾಳಿ ಎಳೆಯಬೇಕಿತ್ತು. ಬದಲಿಗೆ ತಣ್ಣಗಿನ ಗಾಳಿ ಒಳಗಿನಿಂದ ಬಂದು ಅಂಗೈಗೆ ತಾಗಿತು, ನಿಂತಿತು, ಮತ್ತೆ ತಾಗಿತು. ಮಲಗಿದವರ ಉಸಿರಿನಷ್ಟು ನಿಧಾನವಾಗಿತ್ತು. ಇನ್ನೊಂದು ಕೈಯಿಂದ ಸಿಲಿಂಡರ್ ಮುಟ್ಟಿದೆ. ಮೀನಿಗೆ ಹಾಕುವ ಐಸಿನ ಹಾಗೆ ಕೊರೆಯುತ್ತಿತ್ತು.

“ಕೈ ತೆಗಿ” ಎಂದ ಜಗದೀಶಣ್ಣ, ಮೆಲ್ಲಗೆ. “ಎಂತದು ಅಂತ ಗೊತ್ತಿಲ್ಲ. ಕೈ ತೆಗಿ.”

ತೆಗೆದೆ. ಇಂಜಿನ್ ತಾನಾಗಿಯೇ ನಿಂತಿತು.

ಆ ಕ್ಷಣವೇ ಇಂಜಿನ್ನಿನ ಮೇಲ್ಮುಚ್ಚಳ, ಹೆಡ್ ಬಿಚ್ಚಿದೆ. ಸಿಲಿಂಡರಿನ ಅಂಚಿನವರೆಗೂ ನೀರಿತ್ತು. ಜಗದೀಶಣ್ಣ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, “ಉಪ್ಪು” ಎಂದ.

ನೀರು ತುಂಬಿದ ಇಂಜಿನ್ ಒಂದು ಸುತ್ತೂ ತಿರುಗುವುದಿಲ್ಲ. ಇದು ಓಡಿದ್ದನ್ನು ನಾವಿಬ್ಬರೂ ನೋಡಿದ್ದೇವೆ.