ಇಳಿಯದ ರೆಪ್ಪೆ

“ತಲಿ ತಗ್ಗಿಸಿ ಕುಂದ್ರವಾ,” ದಾನಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು.

ಮಧುಮತಿ ತಲೆ ತಗ್ಗಿಸಿದಳು. ಕಣ್ಣನ್ನೂ ಇಳಿಸಿದಳು. ಆದರೆ ಹಾಳಾದ ರೆಪ್ಪೆ ಇಳಿಯಲೇ ಇಲ್ಲ! ಕಣ್ಣಿನ ಬಿಳಿ ಭಾಗ ಎಲ್ಲರಿಗೂ ಎದ್ದು ಕಂಡಿತು.

ಬನಹಟ್ಟಿಯ ಆ ನೇಕಾರರ ಮನೆಯಲ್ಲಿ ಅಂದು ಮಗ್ಗ ನಿಲ್ಲಿಸಿ ಜಮಖಾನೆ ಹಾಸಿದ್ದರು. ರಬಕವಿಯಿಂದ ವೀರೇಶ ಹೆಣ್ಣು ನೋಡಲು ಬಂದಿದ್ದ. ನೂಲಿನ ಅಂಗಡಿಯಲ್ಲಿ ಅವಳು ಕದ್ದು ಕದ್ದು ನೋಡುತ್ತಿದ್ದ ಅದೇ ವೀರೇಶ!

“ಏನವಾ, ಹಿಂಗ ದುರುಗುಟ್ಟಿ ನೋಡತಿ?” ವೀರೇಶನ ಸೋದರತ್ತೆ ಶಿವಗಂಗವ್ವನ ದನಿ ಏರಿತು. “ಹಿರ್ಯಾರ ಮುಂದ ಕಣ್ಣ ಇಳಸಾಕ ಬರಂಗಿಲ್ಲೇನ? ಎಷ್ಟ ಸೊಕ್ಕ!”

‘ಇಳಿಸೇನ್ರೀ... ಖರೇನ ಇಳಿಸೇನಿ...’ ಮಧುಮತಿ ಮನಸ್ಸಿನಲ್ಲೇ ಅಂದುಕೊಂಡಳು.

ವೀರೇಶನಾದರೂ ಏನಾದರೂ ಹೇಳಲಿ ಎಂದು ಅವನತ್ತ ನೋಡಿದಳು. ಅವನೋ, ನೆಲ ನೋಡುತ್ತ ಕುಳಿತಿದ್ದ. ಬಂದವರು ಚಹಾ ಕೂಡ ಮುಟ್ಟದೆ ಎದ್ದು ಹೋದರು.

ಅಂದಿನಿಂದ ಮಧುಮತಿಗೆ ಮನೆಯೊಳಗೂ ಕಪ್ಪು ಕನ್ನಡಕ! ನೀರು ತರಲು ಹೋಗಲೂ ನಾಚಿಕೆ, ಕನ್ನಡಿಯ ಮುಂದೆ ನಿಲ್ಲಲೂ ನಾಚಿಕೆ. ಕಣ್ಣು ಉರಿಯುತ್ತಿತ್ತು. ಮಗ್ಗದ ಒಂದು ಎಳೆ ಎರಡಾಗಿ ಕಾಣತೊಡಗಿದಾಗ ದಾನಮ್ಮ ಅವಳ ಕೈ ಹಿಡಿದು ಮುಧೋಳದ ಬಸ್ಸು ಹತ್ತಿಸಿದಳು.

ಕಣ್ಣಿನ ಡಾಕ್ಟರು ಅವಳ ಕುತ್ತಿಗೆ ಮುಟ್ಟಿ ನೋಡಿದರು, ಕೈಯ ನಡುಕ ನೋಡಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು.

“ಇದು ಥೈರಾಯ್ಡ್ ಸಂಬಂಧದ ಕಣ್ಣಿನ ರೋಗವಾ. ಕಣ್ಣಿನ ಹಿಂದ ಬಾವು ಬಂದೈತಿ. ರೆಪ್ಪಿ ಮ್ಯಾಲ ಎಳಕೊಂಡು ನಿಂತಾವು, ಕೆಳಗ ನೋಡಿದ್ರೂ ಇಳ್ಯಂಗಿಲ್ಲ. ಥೈರಾಯ್ಡಿಗೆ ಗುಳಿಗಿ ಕೊಡತೀವಿ. ಬಾವು ಇಳ್ಯಾಕ ವಾರಕ್ಕೊಮ್ಮಿ ಸಲೈನಿನ್ಯಾಗ ಔಷಧ.”

“ಅಂದ್ರ... ಇದು ನನ್ನ ಸೊಕ್ಕಲ್ಲೇನ್ರಿ?” ಮಧುಮತಿ ಅತ್ತೇಬಿಟ್ಟಳು.

ಕೆಲವು ವಾರಗಳಾದ ಮೇಲೆ ಒಂದು ದಿನ ಆಸ್ಪತ್ರೆಯಲ್ಲಿ ಅವಳಿಗೆ ಸಲೈನ್ ಇಳಿಯುತ್ತಿತ್ತು. ಬಾಗಿಲಲ್ಲಿ ವೀರೇಶ! ಅವಳು ಗಾಬರಿಯಿಂದ ಕನ್ನಡಕ ಹಾಕಿಕೊಂಡಳು.

“ಯಾಕ ಬಂದ್ರಿ? ಇನ್ನೊಮ್ಮಿ ನೋಡಿ ಎದ್ದ ಹೋಗಾಕ?”

“ನೂಲಿನ ಅಂಗಡ್ಯಾಗ ನಿಮ್ಮವ್ವಾರು ನಿಮ್ಮ ರೆಪ್ಪಿ ಯಾಕ ಇಳ್ಯಂಗಿಲ್ಲಂತ ಹೇಳಿದ್ರು. ಅವತ್ತ ನಿಮ್ಮ ಕಣ್ಣ ನೋಡಿ, ನೀವು ನನ್ನ ಮ್ಯಾಲ ಸಿಟ್ಟಾಗೀರಿ, ಈ ಮದುವಿ ನಿಮಗ ಬ್ಯಾಡ ಅಂತ ತಿಳಕೊಂಡೆ...” ಅವನ ದನಿ ಕುಗ್ಗಿತು. “ಅತ್ತಿ ಅಷ್ಟ ಅಂದಾಗ ತಡೀಲಿಲ್ಲ. ನಾಚಿಕಿ ಪಡಬೇಕಾದಾವ ನಾನ್ರಿ.”

“ಸಿಟ್ಟ? ನಿಮ್ಮ ನೋಡಾಕಂತನ ನಾ ನೂಲಿನ ಅಂಗಡಿಗೆ...” ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

ಅವನ ಮುಖ ಅರಳಿತು. ಅವಳಿಗೆ ಅಳು ಬಂತು.

“ಪೂರಾ ಆರಾಮ ಆಗತೈತೋ ಇಲ್ಲೋ ಗೊತ್ತಿಲ್ಲ. ಇನ್ನೊಂದ ಐತಿ... ಮಲಗಿದಾಗೂ ನನ್ನ ಕಣ್ಣ ಪೂರ್ತಿ ಮುಚ್ಚಂಗಿಲ್ಲ. ದಿನಾ ಮುಲಾಮ ಹಚ್ಚಬೇಕು. ನೋಡಿದ್ರ ನೀವು ಹೆದರತೀರಿ.”

ಮದುವೆಯ ಮಾತು ಬಂದಾಗಲೆಲ್ಲ ಒಳಗೊಳಗೇ ಅವಳನ್ನು ಕೊಲ್ಲುತ್ತಿದ್ದದ್ದು ಇದೇ! ಅವ್ವ, ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ವೀರೇಶ ಬಾಗಿಲಿನಿಂದ ಅವಳ ಹತ್ತಿರ ಬಂದ.

“ನಾ ಗೊರಕಿ ಹೊಡೀತೀನ್ರಿ. ಓಣಿಗೆಲ್ಲಾ ಕೇಳತೈತಿ. ನೀವು ಹೆದರಂಗಿಲ್ಲಂದ್ರ, ಮುಲಾಮ ಹಚ್ಚೂದು ನಂಗ ಬಿಡ್ರಿ.”

ಅಳುತ್ತಲೇ ಅವಳು ನಕ್ಕಳು!

“ಮತ್ತ ನಿಮ್ಮತ್ತಿ?”

“ಹೊರಗ ಅದಾಳ. ನಿಮ್ಮ ಮುಂದ ಬರಾಕ ಮುಖ ಇಲ್ಲಂತ ತಲಿ ತಗ್ಗಿಸಿ ಕುಂತಾಳ.”

ಮಧುಮತಿ ಕನ್ನಡಕ ತೆಗೆದಳು. ಕಣ್ಣು ಇನ್ನೂ ಉಬ್ಬಿತ್ತು, ಕೆಂಪಗಿತ್ತು. ಅವನು ನೋಡುತ್ತಲೇ ಇದ್ದ.

“ಹಂಗ ನೋಡಬ್ಯಾಡ್ರಿ... ನಾಚಿಕಿ ಬರತೈತಿ.”

“ಹಂಗಾರ ನೀನ ಮೊದಲ ಕಣ್ಣ ಇಳಸು.”

“ನನ್ನ ರೆಪ್ಪಿ ಇಳ್ಯಂಗಿಲ್ಲರೀ!”

“ಛಲೋ ಆತು, ನೋಡಕೋತನ ಇರು ಮಧು...” ವೀರೇಶ ಅವಳ ಪಕ್ಕ ಕುಳಿತ. “ಈ ಸಲ ನಾನೂ ನೆಲಾ ನೋಡಂಗಿಲ್ಲ.”