ಸುರಂಗಕ್ಕೆ ಬಾಗಿಲು ಹಾಕಿದವನು

"ಮರಿಗಳು ಹಾರೋವರೆಗೆ ಬಾಗಿಲು ಹಾಕ್ಬೇಡಿ. ಅಷ್ಟೇ ನಾನು ಕೇಳ್ತಿರೋದು. ಆಮೇಲೆ ನಿಮ್ಮ ಸುರಂಗ, ನಿಮ್ಮ ನೀರು."

ಹೀಗೆಂದವಳು ಬಾವಲಿಗಳ ಅಧ್ಯಯನಕ್ಕೆಂದು ಬಂದು ಈ ಗುಡ್ಡದ ಸುರಂಗದ ಬಳಿಯೇ ಬೇರೂರಿದ್ದ ಹೆಂಗಸು. ಕೆಲಸದವರೆಲ್ಲ ಅವಳನ್ನು ಬಾವಲಿ ಮೇಡಂ ಅನ್ನುತ್ತಿದ್ದರು, ಎದುರಿಗೂ ಹಾಗೆಯೇ. ಬೇಜಾರು ಮಾಡಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಈ ಜಾತಿಯ ಬಾವಲಿಗೆ ಇದೊಂದೇ ಸುರಂಗ ಮನೆ, ಬೇರೆಲ್ಲೂ ಇದು ಉಳಿದಿಲ್ಲ ಎಂದು ಮೀಟಿಂಗಿನಿಂದ ಮೀಟಿಂಗಿಗೆ ಹೇಳಿ ಹೇಳಿ ಗಂಟಲು ಒಣಗಿತ್ತು. ನೀರು ಬೇಡವೆಂದು ಅವಳು ಎಂದೂ ಅಂದವಳಲ್ಲ. ಮರಿಗಳ ರೆಕ್ಕೆ ಬಲಿಯಲಿ, ಮೇಲಿನ ಗಾಳಿಕಿಂಡಿ ತೆರೆದೇ ಇರಲಿ, ಕೆಳಗೆ ಪೈಪು ಹೋಗಲಿ. ಹಿಂದಿನ ಇಂಜಿನಿಯರ್ ಇದಕ್ಕೆ ಒಪ್ಪಿಯೂ ಇದ್ದರು.

ಹೊಸದಾಗಿ ವರ್ಗವಾಗಿ ಬಂದ ಇಂಜಿನಿಯರ್ ಆಕಳಿಸಿದ. ಅವನಿಗೂ ಸಾಕುಸಾಕಾಗಿತ್ತು. ಗುಡ್ಡದಾಚೆ, ಅರ್ಧ ದಿನದ ಹಾದಿಯ ದೂರದಲ್ಲಿ ಅವನದೇ ಊರಿತ್ತು. ಈ ಸುರಂಗದಿಂದ ಬರಬೇಕಾದ ನೀರಿಗೆಂದು ಅಲ್ಲಿ ಪೈಪು ಹಾಸಿ, ಮನೆಮನೆಗೂ ಹೊಸ ನಲ್ಲಿ ಕೂಡಿಸಿ ಹೋಗಿದ್ದರು. ತಿರುಗಿಸಿದರೆ ಉಸ್ಸೆಂದು ಗಾಳಿ ಬರುತ್ತಿತ್ತು, ಅಷ್ಟೇ. ಟ್ಯಾಂಕರ್ ನೀರಿನಲ್ಲಿ ಮಿಂದು ಮಿಂದು ಮಗಳು ಚಿನ್ನುವಿನ ಮೈತುಂಬ ಕಜ್ಜಿ. ಸಂಜೆಯಾದರೆ ಫೋನಿನಲ್ಲಿ ಅವಳಿಗೆ ಕೊಡೆ ಕಳೆದುಕೊಂಡ ಕರಡಿಯ ಕತೆ ಹೇಳುತ್ತಿದ್ದ. ನೀರಿನ ಜೊತೆಗೇ ಮನೆಗೆ ಬಂದು ಕತೆ ಮುಗಿಸುತ್ತೇನೆಂದು ಮಾತು ಕೊಟ್ಟಿದ್ದ. ಮಾತು ಕೊಟ್ಟ ಅಪ್ಪನಿಗೆ ಬಾವಲಿಯ ಬಾಣಂತನ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

"ಇನ್ನೊಂದಿದೆ," ಎಂದು ಅವಳು ಸುರಂಗದ ಬಾಯಿಯ ಮೇಲ್ಗಡೆ ಟಾರ್ಚು ಬಿಟ್ಟಳು. ಕಲ್ಲಿನ ಸಂದಿಯಲ್ಲಿ ತುಕ್ಕು ಹಿಡಿದ ಮೊಳೆ. ಮೊಳೆಗೆ ಕಟ್ಟಿದ ಮೇಣದ ಬೊಂಬೆ, ಅಂಗೈಯಲ್ಲಿ ಹಿಡಿಯುವಷ್ಟು. ಕಣ್ಣಿಲ್ಲ, ಮೂಗಿಲ್ಲ. ಬಾಯಿಯೊಂದೇ. ಆ ಬಾಯಿಯನ್ನು ತಲೆಗೂದಲಿನಿಂದ ಹೊಲಿದಿದ್ದರು.

"ಯಾರದಿದು ಆಟದ ಸಾಮಾನು?"

"ಆಟ ಅಲ್ಲ, ಮಾಟ. ಈ ಸುರಂಗ ಕೊರೆಯುವಾಗ ಕುಸಿದು ಒಬ್ಬ ಹುಡುಗ ಒಳಗೆ ಸಿಕ್ಕಿಬಿದ್ದನಂತೆ. ತಾಯಿ ಹೊರಗೆ ನಿಂತು, ಮಗ ಕೂಗ್ತಿದಾನೆ, ಕೇಳ್ತಿದೆ ಅಂತ ಬೇಡಿಕೊಂಡ್ಲಂತೆ. ಆಗಿನ ಅಧಿಕಾರಿ, ಅದು ಬರೀ ಗಾಳಿ ಅಂತ ಸುರಂಗದ ಬಾಯಿ ಮುಚ್ಚಿಸಿಬಿಟ್ಟ. ಆಮೇಲೆ ಅವಳು ಇದನ್ನ ಕಟ್ಟಿದ್ಲು. ಒಳಗೆ ಮರಿ ಇರುವಾಗ ಈ ಬಾಯಿ ಮುಚ್ಚಿದವನ ದನಿ ಒಳಗೇ ಉಳೀಲಿ, ಅವನ ದನಿ ಅವನ ಮಗುವಿಗೇ ಗುರುತು ಸಿಗದೆ ಹೋಗಲಿ ಅಂತ."

"ಓದಿದವರು ನೀವು. ನನ್ನ ಕಿವಿಗೆ ಹೂವಿಡ್ತಿದೀರಲ್ರೀ!"

"ನಾನೂ ನಂಬಿರ್ಲಿಲ್ಲ," ಎಂದಳು ಬಾವಲಿ ಮೇಡಂ. ಸುರಂಗದೊಳಗೆ ಅವಳು ಎಂದೂ ಬಾಯಿ ಬಿಡುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ಅಂದೇ ಸಂಜೆ ಉಕ್ಕಿನ ಬಾಗಿಲು ಬಂತು; ಬಾವಲಿಗಳನ್ನು ಹೊರಗಿಡದೆ ಪೈಪಿನ ಕೆಲಸ ಶುರುವಾಗುವಂತಿರಲಿಲ್ಲ. ಮೇಲಿನ ಸಾಹೇಬರು ಫೋನಿನಲ್ಲಿ ತಲೆ ತಿಂದಿದ್ದರು. ಅವನದು ಸುಲಭದ ಲೆಕ್ಕಾಚಾರ. ಕತ್ತಲಾಗುವಾಗ ಬಾವಲಿಗಳು ಬೇಟೆಗೆ ಹೊರಬೀಳುತ್ತವೆ. ಕೊನೆಯದು ಹೊರಟ ಮೇಲೆ ಬಾಗಿಲು ಹಾಕಿದರಾಯಿತು. ಒಂದೂ ಸಾಯುವುದಿಲ್ಲ, ಕಾನೂನೂ ಮುರಿಯುವುದಿಲ್ಲ.

"ಮರಿಗಳನ್ನ ಛಾವಣಿಗೆ ನೇತುಹಾಕಿ ಹೋಗ್ತವೆ ಸಾರ್! ಒಳಗಿವೆ! ಕೇಳಿ ಬೇಕಾದ್ರೆ," ಎಂದು ಬಾವಲಿ ಮೇಡಂ ಅಡ್ಡ ನಿಂತಳು.

ಅವನು ಕಿವಿಗೊಟ್ಟ. ಒಳಗಿನಿಂದ ಹುಳಿ ವಾಸನೆ, ಹಸಿ ಮಣ್ಣಿನ ವಾಸನೆ. ಬಹಳ ಒಳಗೆ, ಎಳೆಯ ಚೀರಾಟದಂಥದ್ದೇನೋ.

"ಬರೀ ಗಾಳಿ," ಎಂದ.

ಬಾಗಿಲ ಚೌಕಟ್ಟಿಗೆ ಅಡ್ಡವಾಗಿದ್ದ ಬೊಂಬೆಯನ್ನು ಮೊಳೆ ಸಮೇತ ಕಿತ್ತು ಒಳಗೆಸೆದ. ಬಾಗಿಲು ಬಿತ್ತು. ಗಾಳಿಕಿಂಡಿಗೂ ತಗಡು ಬಡಿಸಿದ. ಬಾವಲಿ ಮೇಡಂ ಕಲ್ಲಿನ ಮೇಲೆ ಕೂತು ಮೊಣಕಾಲಿಗೆ ಹಣೆ ಹಚ್ಚಿದಳು. ಅಳಲಿಲ್ಲ. ಅವಳಿಗೆ ಅಳುವುದೂ ಸಾಕಾಗಿತ್ತು.

ಶೆಡ್ಡಿಗೆ ಬಂದವನೇ ಮನೆಗೆ ಫೋನು ಹಚ್ಚಿದ. "ಚಿನ್ನೂ! ಕರಡಿ ಎಲ್ಲಿಗೆ ಬಂದಿತ್ತು ಹೇಳು?"

ಆ ಕಡೆಯಿಂದ ಮಗಳು ಕೇಳಿದಳು, "ಯಾರು?"

"ಯಾರು ಅಂದ್ರೆ? ನಾನು ಕಣೇ, ಅಪ್ಪ!"

"ಅಮ್ಮಾ, ಯಾರೋ ಅಂಕಲ್ಲು. ಅಪ್ಪ ಅಂತ ಸುಳ್ಳು ಹೇಳ್ತಿದಾರೆ."

ಹೆಂಡತಿ ನಗುತ್ತಲೇ ಫೋನು ತೆಗೆದುಕೊಂಡಳು. ನಿಮ್ಮ ದನಿ ಸರಿಯಾಗೇ ಇದೆ ರೀ, ಅವಳದು ಬರೀ ತುಂಟಾಟ ಎಂದಳು. ಅವನೂ ನಕ್ಕ.

ಬೆಳಿಗ್ಗೆ ಹೆಂಡತಿಯೇ ಫೋನು ಮಾಡಿದಳು. ನಗು ಇರಲಿಲ್ಲ.

"ಅಡುಗೆಮನೆ ನಲ್ಲಿಗೆ ಕಿವಿ ಹಚ್ಚಿ ಕೂತಿದಾಳೆ ರೀ. ಎಬ್ಬಿಸಿದ್ರೆ ಏಳಲ್ಲ. ಅಪ್ಪ ಪೈಪಿನೊಳಗಿಂದ ಕತೆ ಹೇಳ್ತಿದಾರಂತೆ. ಅಲ್ಲಿ ಕತ್ತಲೆ ಅಂತೆ, ಜೊತೆಗೆ ಬಾ ಅಂತಿದಾರಂತೆ. ಮೈ ತಣ್ಣಗಾಗ್ತಿದೆ ರೀ... ತುಟಿ ನೀಲಿ..."

"ಫೋನು ಅವಳಿಗೆ ಕೊಡು! ಅವಳ ಕಿವಿಗೆ ಹಿಡಿ! ಚಿನ್ನೂ, ಹೋಗ್ಬೇಡ ಪುಟ್ಟಾ! ಅದು ನಾನಲ್ಲ!"

"ನೀವು ಅಪ್ಪ ಅಲ್ಲ," ಎಂದಿತು ಎಳೆಯ ದನಿ, ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ. "ಬಂದೆ ಅಪ್ಪಾ..."

ಅವನು ಓಡಿದ. ಫೋನು ಕಿವಿಯಲ್ಲೇ ಇತ್ತು. ಬಾಗಿಲು ಕಪ್ಪಾಗಿತ್ತು. ರಾತ್ರಿ ಮರಳಿದ ತಾಯಿ ಬಾವಲಿಗಳು ಉಕ್ಕಿನ ಮೇಲೆ ಒಂದರ ಮೇಲೊಂದು ಅಂಟಿಕೊಂಡಿದ್ದವು. ಬಿಸಿಲಿನಲ್ಲೂ ಹೋಗಿರಲಿಲ್ಲ. ಬಾವಲಿ ಮೇಡಂ ಬರಿಗೈಯಲ್ಲಿ ಚಿಲಕ ಜಗ್ಗುತ್ತಿದ್ದಳು. ಉಗುರಲ್ಲಿ ರಕ್ತ. ಬಾಗಿಲಿನ ಆಚೆಯಿಂದ ದನಿ ಬಂತು. ಗಟ್ಟಿ ದನಿ. ಅಕ್ಕರೆಯ ದನಿ. ಅವನದೇ ದನಿ.

"ಬಾ ಚಿನ್ನೂ. ಇನ್ನು ಸ್ವಲ್ಪ ದೂರ. ಕರಡಿಗೆ ಕೊಡೆ ಸಿಕ್ತು, ನೋಡು ಬಾ."

ಬೀಗದ ಕೈ ಜಾರಿತು. ಹುಡುಕಿದ. ಸಿಕ್ಕಿತು. ತಿರುಗಲಿಲ್ಲ. ಫೋನಿನಲ್ಲಿ ಹೆಂಡತಿ ಚೀರಿದಳು, ಉಸಿರಾಡ್ತಿಲ್ಲ ರೀ, ಉಸಿರಾಡ್ತಿಲ್ಲ. ಹೆಗಲು ಕೊಟ್ಟು ತಿರುಗಿಸಿದ. ಬಾಗಿಲು ಕಿತ್ತುಬಂತು. ಸತ್ತದ್ದರ ನಾತ ಮುಖಕ್ಕೆ ಹೊಡೆಯಿತು. ತಾಯಿ ಬಾವಲಿಗಳು ಅವನ ತಲೆಯ ಮೇಲಿಂದ ಒಳಗೆ ನುಗ್ಗಿದವು. ರೆಕ್ಕೆ, ಉಗುರು, ಗಾಳಿ. ಕತ್ತಲೆಯಲ್ಲಿ ಸಾವಿರ ಚೀರಾಟ. ಒಂದೊಂದು ತಾಯಿಯೂ ಕೂಗಿ, ಕಿವಿಗೊಟ್ಟು, ತನ್ನದರ ದನಿ ಹಿಡಿದು ಹೋಗುತ್ತಿತ್ತು. ಎಷ್ಟೋ ತಾಯಂದಿರ ಕೂಗಿಗೆ ಉತ್ತರ ಬರಲಿಲ್ಲ. ಅವು ಮತ್ತೆ ಮತ್ತೆ ಕೂಗಿದವು.

"ಉಸಿರು ಬಂತು," ಎಂದಳು ಹೆಂಡತಿ ಬಿಕ್ಕುತ್ತ. "ಬಂತು ರೀ. ಕಣ್ಣು ಬಿಟ್ಳು."

ಅವನು ಫೋನಿನ ಬೆಳಕನ್ನು ನೆಲಕ್ಕೆ ಹಿಡಿದ. ಕಾಲ ಬಳಿ ಮೇಣದ ಬೊಂಬೆ ಬಿದ್ದಿತ್ತು. ಅದರ ಬಾಯಿಯ ಹೊಲಿಗೆ ಬಿಚ್ಚಿತ್ತು. ಸುರಂಗದ ಒಳಗಿನಿಂದ ಅವನ ದನಿ ಇನ್ನೂ ಮೆಲ್ಲಗೆ ಮಾತಾಡುತ್ತಲೇ ಇತ್ತು.

"ಆ ದನಿ ಇನ್ನು ಹೊರಗೆ ಬರಲ್ಲ," ಎಂದಳು ಬಾವಲಿ ಮೇಡಂ. ಗೆದ್ದ ಸಂತೋಷ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಬುಟ್ಟಿ ಹಿಡಿದು ಸತ್ತ ಮರಿಗಳನ್ನು ಹೆಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವನೂ ಹೆಕ್ಕಿದ.

ಉಳಿದ ಮರಿಗಳು ಹಾರಿದ ಮೇಲೆಯೇ ಪೈಪು ಹೋಯಿತು. ಗಾಳಿಕಿಂಡಿ ತೆರೆದೇ ಉಳಿಯಿತು. ಅವಳು ಮೊದಲು ಕೇಳಿದ್ದೂ ಇದನ್ನೇ. ಅದಕ್ಕಿಂತ ಹೆಚ್ಚಿನ ತಡವೇನೂ ಆಗಲಿಲ್ಲ. ಸಾಹೇಬರು ಬಂದು ಗುಂಡಿ ಒತ್ತಿ, ಭಾಷಣ ಮಾಡಿ, ಶಾಲು ಹೊದ್ದು ಹೋದರು.

ಈಗ ಅವನು ಮನೆಯಲ್ಲೇ ಇದ್ದಾನೆ. ಚಿನ್ನುವಿನ ಕಜ್ಜಿ ವಾಸಿಯಾಗಿದೆ. ಅಪ್ಪನ ಮುಖವೆಂದು ಅವಳು ಅವನ ತೊಡೆಯೇರುತ್ತಾಳೆ, ಜಡೆ ಹಾಕಿಸಿಕೊಳ್ಳುತ್ತಾಳೆ. ಅವನು ಬಾಯಿ ತೆರೆದರೆ ಮಾತ್ರ ಹೆದರಿ ಅಮ್ಮನ ಸೆರಗಿಗೆ ಓಡುತ್ತಾಳೆ. ಹಾಗಾಗಿ ಅವನು ಮನೆಯಲ್ಲಿ ಮಾತಾಡುವುದನ್ನು ಬಿಟ್ಟಿದ್ದಾನೆ. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುತ್ತಾನೆ.

ಇಂದು ಸಂಜೆ ಅವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ಸ್ಟೂಲು ಹಾಕಿಕೊಂಡು ಕೂತಿದ್ದಳು. ನೀರು ದಪ್ಪಗೆ, ತಿಳಿಯಾಗಿ ಬೀಳುತ್ತಿತ್ತು. ಸುಮ್ಮನೆ ಪೋಲಾಗುತ್ತಿದೆಯಲ್ಲ ಎಂದು, ಮರೆತು, ಅವನು ಬಾಯಿ ತೆರೆಯಲು ಹೋದ.

ಅವಳು ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ಶ್ಶ್! ಸುಮ್ನಿರಿ. ಅಪ್ಪ ಮಾತಾಡ್ತಿದಾರೆ."