ಅಣ್ಣನ ಹಣೆಗೆ ಕಟ್ಟಿದ ದೀಪ

ಯುದ್ಧದ ವರ್ಷ. ಚೋರನೂರಿನಲ್ಲಿ ಬಾವಿಗಳ ಹೂಳೆತ್ತುತ್ತಿದ್ದ ನಮ್ಮಣ್ಣ ಪಾಲಪ್ಪನ ಹಣೆಗೆ ಕಟ್ಟುವ ದೀಪ ಒಡೆದಾಗ, ಹೊಸಪೇಟೆಗೆ ಹೋಗಿ ಬೇರೆಯದನ್ನು ತಂದವಳು ನಾನೇ. ಅಂಗಡಿಯ ಮುದುಕ ಕಾರ್ಬೈಡ್ ಹರಳಿಗೆ ನೀರು ಹನಿಸಿ ಉರಿಸುವ ಎರಡು ದೀಪ ಹಚ್ಚಿಟ್ಟ. ನಾನು ಎರಡನ್ನೂ ಊದಿದೆ. ಒಂದು ಆರಿತು, ಇನ್ನೊಂದರ ಉರಿ ಅಲುಗಲೇ ಇಲ್ಲ. ಅದರ ಹಿತ್ತಾಳೆ ಮುಟ್ಟಿದರೆ ತಣ್ಣಗಿತ್ತು.

"ಅದು ಬ್ಯಾಡ ತಂಗಿ, ಆರಿದ್ದನ್ನ ಒಯ್ಯಿ," ಎಂದ.

"ಆರೋ ದೀಪ ತಗಂಡು ಏನ್ ಮಾಡ್ಲಿ ಅಜ್ಜಾ?"

ಬಾವಿಯ ತಳದಲ್ಲಿ ಗಾಳಿ ಕೆಟ್ಟರೆ ದೀಪ ಆರುತ್ತದೆ, ಆರಿದೊಡನೆ ಮೇಲೇರಬೇಕು ಎಂಬುದು ನನಗೆ ಹೊಳೆಯಲಿಲ್ಲ; ಆರದ್ದನ್ನೇ ತಂದೆ.

"ನಮ್ ತಂಗಿ ತಂದ ದೀಪ ಛಲೋ ಉರಿಯಾಕತ್ತೈತಿ, ಇನ್ನೆರಡು ಬುಟ್ಟಿ ಬಿಡ್ರಿ," ಎಂದು ಮರುದಿನ ಮಧ್ಯಾಹ್ನ ತಳದಿಂದ ಕೂಗಿದ್ದೇ ಅಣ್ಣನ ಕಡೆಯ ಮಾತು. ಹೆಣ ಮೇಲೆತ್ತಿದಾಗಲೂ ಹಣೆಯಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು.

ದೀಪ ಬಿಚ್ಚಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಅದಕ್ಕೆ ತುಂಬಲೆಂದು ನಾನು ತಂದಿದ್ದ ಕಾರ್ಬೈಡಿನ ಪೊಟ್ಟಣ ಕಟ್ಟಿದಂತೆಯೇ ಮನೆಯ ಗೋಡೆಗೂಡಿನಲ್ಲಿತ್ತು.